ಅಟ್ಟದ ಮೇಲೆ ಬಚ್ಚಲು: ಮೇಸ್ತ್ರಿಗಿಂತ ಮೊದಲು ಬಡಗಿಯನ್ನ ಕರೀರಿ

1/8

ನೇರವಾಗಿ ಹೇಳಿಬಿಡ್ತೀನಿ. ಮರದ ಮಹಡಿ ಇರೋ ಹಳೇ ಮನೆಯಲ್ಲಿ ಮೇಲ್ಗಡೆ ಸ್ನಾನದ ಕೋಣೆ ಮಾಡಿಸೋಕೆ ಆಗಲ್ಲ ಅನ್ನೋದು ಸುಳ್ಳು. ಮಾಡಿಸೋದಾದ್ರೆ ಹಲಗೆ ಮೇಲೆ ಕಾಂಕ್ರೀಟ್ ಸುರಿದು ಟೈಲ್ಸ್ ಅಂಟಿಸಲೇಬೇಕು ಅನ್ನೋದು ಅದಕ್ಕಿಂತ ದೊಡ್ಡ ಸುಳ್ಳು. ಈ ಎರಡು ಸುಳ್ಳಿನ ಮಧ್ಯೆ ಸಿಕ್ಕಿಹಾಕಿಕೊಂಡು ಕಡೂರು, ತರೀಕೆರೆ, ಅಜ್ಜಂಪುರದ ಪೇಟೆ ಬೀದಿಗಳಲ್ಲಿ ಹಳೇ ಮನೆಗಳು ಒಂದೊಂದಾಗಿ ನೆಲಕ್ಕೆ ಬೀಳ್ತಿವೆ. 'ಮೇಲೆ ಬಾತ್‌ರೂಮ್ ಇಲ್ಲ, ಯಾರೂ ಬಾಡಿಗೆಗೂ ಬರಲ್ಲ, ಹೆಣ್ಣೂ ಕೊಡಲ್ಲ' ಅಂತ ಜೆಸಿಬಿ ಕರೆಸಿದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಬಿಕಾಂ ಓದೋ ಹುಡುಗಿಗೆ ಬಚ್ಚಲಿನ ಉಸಾಬರಿ ಯಾಕೆ ಅಂತ ಕೇಳೋರು ಕೇಳ್ತೀರ, ಗೊತ್ತು. ಕಾಮರ್ಸ್ ಓದೋರೇ ಲೆಕ್ಕ ಕೇಳದಿದ್ರೆ ಇನ್ಯಾರು ಕೇಳಬೇಕು? ಈ ಸರಣಿಯಲ್ಲಿ ಲೆಕ್ಕ ಜಾಸ್ತಿ ಇದೆ. ಹಾಡು ಹಾಕಿಲ್ಲ, ಫಿಲ್ಟರ್ ಹಾಕಿಲ್ಲ. ಓದಿ.

2/8

ಮೊದಲು ಒಂದು ಆಕ್ಷೇಪಣೆಗೆ ಉತ್ತರ ಕೊಡ್ತೀನಿ, ಯಾಕಂದ್ರೆ ಕಾಮೆಂಟ್‌ನಲ್ಲಿ ಬರೋದು ಇದೇ: 'ಕೆಳಗೆ ಬಚ್ಚಲು ಇದೆಯಲ್ಲ, ಮೇಲ್ಯಾಕೆ ಬೇಕು?'

ಕೆಳಗಿನ ಬಚ್ಚಲು ಎಲ್ಲಿದೆ ನೆನಪು ಮಾಡ್ಕೊಳ್ಳಿ. ಹಿತ್ತಲಲ್ಲಿ. ಮುಂದಿನ ಜಗಲಿ, ಪಡಸಾಲೆ, ನಡುಮನೆ, ಅಡುಗೆಮನೆ ದಾಟಿ, ಅಂಗಳಕ್ಕಿಳಿದು ಹೋಗಬೇಕು. ಅಗಲ ಕಮ್ಮಿ, ಉದ್ದ ಜಾಸ್ತಿ ಇರೋ ಮನೆಗಳು ಇವು. ಅಣ್ಣತಮ್ಮಂದಿರು ಪಾಲಾದಾಗ ಹಿಂದಿನ ಭಾಗ ಒಬ್ಬರಿಗೆ, ಮಹಡಿ ಇನ್ನೊಬ್ಬರಿಗೆ. ಮಹಡಿ ಸಿಕ್ಕವನ ಹೆಂಡತಿ ಸ್ನಾನಕ್ಕೆ ಹೋಗಬೇಕಂದ್ರೆ ಓರಗಿತ್ತಿ ಮನೆ ಬಾಗಿಲು ತಟ್ಟಬೇಕು. ಪಾಲು ಪತ್ರದಲ್ಲಿ 'ಬಚ್ಚಲು ಉಭಯತರಿಗೂ ಸೇರಿದ್ದು' ಅಂತ ಬರೆದಿರ್ತಾರೆ. ಬೆಳಿಗ್ಗೆ ಆರು ಗಂಟೆಗೆ ಆ ಪತ್ರ ಯಾರಿಗೂ ನೆನಪಿರಲ್ಲ.

ಇನ್ನು ನಮ್ಮ ಕ್ಲಾಸಿನ ಹುಡುಗೀರ ವಿಷಯ. ಹಳ್ಳಿಯಿಂದ ಬಂದು ಮಹಡಿ ರೂಮ್ ಬಾಡಿಗೆಗೆ ಹಿಡಿದಿರೋರು ನಿಮ್ಮ ಪಕ್ಕದ ಬೆಂಚಲ್ಲೇ ಕೂತಿದ್ದಾರೆ. ಓನರ್ ಮನೆಯವರೆಲ್ಲ ಸ್ನಾನ ಮುಗಿಸಿದ ಮೇಲೆ ಇವರ ಸರದಿ. ಟವೆಲ್ ಹೆಗಲಿಗೆ ಹಾಕ್ಕೊಂಡು ನಡುಮನೆಯಲ್ಲಿ ಟಿವಿ ನೋಡ್ತಾ ಕೂತಿರೋ ಗಂಡಸರ ಮುಂದೆ ಹಾದು ಹೋಗಬೇಕು. ಫಸ್ಟ್ ಪೀರಿಯಡ್‌ಗೆ ಲೇಟಾದ್ರೆ ಲೆಕ್ಚರರ್ ಕೈಲಿ ಬೈಸಿಕೊಳ್ಳೋದು ಬೇರೆ. ಮೊಣಕಾಲು ನೋವಿರೋ ಅಜ್ಜಿಯಂದಿರ ಬಗ್ಗೆ ಬೇರೆ ಹೇಳಬೇಕಾ? ರಾತ್ರಿ ಹೊತ್ತು ಒದ್ದೆ ಅಂಗಳದಲ್ಲಿ ಜಾರಿ ಬಿದ್ದೋರು ಪ್ರತಿ ಮನೆತನದಲ್ಲೂ ಒಬ್ಬರಾದರೂ ಸಿಗ್ತಾರೆ.

ಹಾಗಾಗಿ 'ಮೇಲೆ ಸ್ನಾನದ ಕೋಣೆ' ಅನ್ನೋದನ್ನ ಶೋಕಿ ಅನ್ನಬೇಡಿ. ಹಾಗನ್ನೋರು ಸಾಮಾನ್ಯವಾಗಿ ಮನೆಯಲ್ಲಿ ಮೊದಲು ಸ್ನಾನ ಮಾಡೋರೇ ಆಗಿರ್ತಾರೆ.

3/8

ಈಗ ಮೇಸ್ತ್ರಿ ಮಾತು. 'ಹಲಗೆ ಮೇಲೆ ಮೂರಿಂಚು ಗಾರೆ ಹಾಕಿ, ವಾಟರ್‌ಪ್ರೂಫ್ ಪೌಡರ್ ಕಲಸಿ ಟೈಲ್ಸ್ ಕೂರಿಸಿಬಿಡ್ತೀನಿ, ಕಲ್ಲಾಗುತ್ತೆ.' ಕಲ್ಲಾಗುತ್ತೆ, ನಿಜ. ಆ ಕಲ್ಲನ್ನ ಹೊರೋದು ಯಾರು?

ಲೆಕ್ಕ ಹಾಕೋಣ. 5 ಅಡಿ, 7 ಅಡಿ ಕೋಣೆ. 35 ಚದರಡಿ ಅಂದ್ರೆ ಸುಮಾರು 3.25 ಚದರ ಮೀಟರ್. ಮೂರಿಂಚು ಅಂದ್ರೆ 7.5 ಸೆಂಟಿಮೀಟರ್. ಸಿಮೆಂಟು ಗಾರೆ ಒಂದು ಘನ ಮೀಟರಿಗೆ ಸುಮಾರು 2,000 ಕಿಲೋ ತೂಗುತ್ತೆ. ಗುಣಿಸಿದ್ರೆ 490 ಕಿಲೋ ಹತ್ತಿರ. ಹತ್ತು ಮೂಟೆ ಸಿಮೆಂಟನ್ನ ಅಟ್ಟದ ಮೇಲೆ ಒಟ್ಟಿ, ಯಾವತ್ತೂ ಇಳಿಸದೆ ಬಿಟ್ಟ ಹಾಗೆ. ಇದಕ್ಕೆ ಟೈಲ್ಸ್ ಸೇರಿಲ್ಲ, ಗೋಡೆ ಸೇರಿಲ್ಲ, ನೀರು ಸೇರಿಲ್ಲ, ಮನುಷ್ಯ ಸೇರಿಲ್ಲ.

ಕೆಲವರು ಇನ್ನೂ ಮುಂದೆ ಹೋಗಿ ಆರ್‌ಸಿಸಿ ಮನೆ ಥರ ಇಟ್ಟಿಗೆ ಚೂರು ತುಂಬಿ ಒಂಬತ್ತಿಂಚು ಏರಿಸ್ತಾರೆ, ಪೈಪ್ ಮುಚ್ಚಬೇಕಲ್ಲ ಅಂತ. ಅದು ಟನ್ ದಾಟುತ್ತೆ. ಆರ್‌ಸಿಸಿಯಲ್ಲಿ ಇದಕ್ಕಂತಲೇ ಸಂಕನ್ ಸ್ಲ್ಯಾಬ್ ಅಂತ ತಗ್ಗು ಬಿಟ್ಟು ಕಟ್ಟಿರ್ತಾರೆ, ಕಬ್ಬಿಣನೂ ಆ ಲೆಕ್ಕಕ್ಕೆ ಹಾಕಿರ್ತಾರೆ. ಮರದ ಜಂತೆಗೆ ಆ ಲೆಕ್ಕ ಯಾರೂ ಹಾಕಿಲ್ಲ. (ನಮ್ಮ ಕ್ಲಾಸಿನವರಿಗೆ: ಸಂಕನ್ ಸ್ಲ್ಯಾಬ್ ಇಲ್ಲದ ಕಡೆ ಹಾಕಿದ ದುಡ್ಡೆಲ್ಲ ಸಂಕ್ ಕಾಸ್ಟ್. ಇದನ್ನ ಎಕ್ಸಾಮಲ್ಲಿ ಬರೀಬೇಡಿ.)

ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗದಲ್ಲಿ ವಾಸದ ಮನೆಯ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್ ಅಂದ್ರೆ ಸುಮಾರು 200 ಕಿಲೋ ಓಡಾಟದ ಭಾರ ಹಿಡೀಬೇಕು ಅಂತಿದೆ. ಜನ, ಸಾಮಾನು, ಬಕೆಟ್ಟು ಎಲ್ಲ ಅದರೊಳಗೆ. ಮೂರಿಂಚು ಗಾರೆ ಒಂದೇ ಚದರ ಮೀಟರಿಗೆ 150 ಕಿಲೋ. ಅಜ್ಜನ ಕಾಲದಲ್ಲಿ ಅಡಿಕೆ ಮೂಟೆ, ರಾಗಿ ವಾಡೆ ಹೊತ್ತ ಅಟ್ಟ ಅಂತ ಜಂಬ ಕೊಚ್ಚಿಕೊಳ್ಳಬೇಡಿ. ಮೂಟೆಯನ್ನ ಸುಗ್ಗಿ ಕಳೆದ ಮೇಲೆ ಇಳಿಸ್ತಿದ್ರು. ಮೂಟೆ ಸೋರ್ತಾನೂ ಇರಲಿಲ್ಲ.

4/8

ಭಾರಕ್ಕಿಂತ ಕೆಟ್ಟದ್ದು ಸೀಳು.

ಮರ ಉಸಿರಾಡುತ್ತೆ ಅಂತ ಬಡಗಿಗಳು ಹೇಳೋದು ಸುಮ್ನೆ ಅಲ್ಲ. ಮಳೆಗಾಲದಲ್ಲಿ ತೇವ ಕುಡಿದು ಅಡ್ಡಕ್ಕೆ ಉಬ್ಬುತ್ತೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತೆ. ನಮ್ಮ ಕಡೆ ಇದು ಇನ್ನೂ ಜೋರು. ಕೆಮ್ಮಣ್ಣುಗುಂಡಿ, ಲಕ್ಕವಳ್ಳಿ ಕಡೆ ಮಲೆನಾಡಿನ ಮಳೆ. ಕಡೂರು ಕಡೆ ಬಂದ್ರೆ ಬಯಲು, ಒಣ ಗಾಳಿ. ಏಪ್ರಿಲ್‌ನಲ್ಲಿ ಕಡೂರಿನ ಯಾವುದಾದ್ರೂ ಹಳೇ ಮಹಡಿ ಮೇಲೆ ನಿಂತು ನೋಡಿ, ಹಲಗೆ ಸಂದಿಯಲ್ಲಿ ಕೆಳಗಿನವರು ಊಟಕ್ಕೆ ಏನು ಮಾಡಿದ್ದಾರೆ ಅಂತ ಕಾಣುತ್ತೆ. ಜುಲೈನಲ್ಲಿ ಅದೇ ಸಂದಿ ಮುಚ್ಚಿಕೊಂಡಿರುತ್ತೆ. ಜೊತೆಗೆ ಯಾರಾದ್ರೂ ನಡೆದ್ರೆ ಹಲಗೆ ಸ್ವಲ್ಪ ಬಾಗುತ್ತೆ, ಮತ್ತೆ ಏಳುತ್ತೆ.

ಟೈಲ್ಸ್‌ಗೆ ಬಾಗೋದು ಗೊತ್ತಿಲ್ಲ, ಗಾರೆಗೂ ಗೊತ್ತಿಲ್ಲ. ಅಡಿಯಲ್ಲಿರೋದು ಅಲ್ಲಾಡುತ್ತೆ, ಮೇಲಿರೋದು ಅಲ್ಲಾಡಲ್ಲ ಅಂದ್ರೆ ಮಧ್ಯೆ ಬಿರುಕು ಬಿಡಲೇಬೇಕು. ಕೂದಲೆಳೆಯಷ್ಟು ಸಾಕು. ದಿನಾ ಐದು ಜನ ಸ್ನಾನ ಮಾಡಿದ್ರೆ ದಿನಾ ಐದು ಸಲ ನೀರು ಇಳಿಯುತ್ತೆ. ಕೆಳಗೆ ತೊಟ್ಟಿಕ್ಕೋ ಹೊತ್ತಿಗೆ ಹಲಗೆ ಒಳಗೊಳಗೇ ನೆಂದು ತಿಂಗಳುಗಳೇ ಆಗಿರುತ್ತೆ. ಮರದೊಳಗಿನ ತೇವ ಶೇಕಡ 20 ದಾಟಿ ಹಾಗೇ ನಿಂತ್ರೆ ಶಿಲೀಂಧ್ರಕ್ಕೆ ಊಟ ಹಾಕಿದ ಹಾಗೆ, ಹಿಂದೆಯೇ ಗೆದ್ದಲಿಗೂ ಕರೆ ಹೋಗುತ್ತೆ. ಜಂತೆಯ ತುದಿ ಕೂತಿರೋದು ಮಣ್ಣಿನ ಗೋಡೆಯೊಳಗೆ. ಗೋಡೆ ನೆಂದ್ರೆ? ಅದನ್ನ ನಾನು ಬಿಡಿಸಿ ಹೇಳಬೇಕಾಗಿಲ್ಲ, ಮಳೆಗಾಲ ಬಂದ್ರೆ ಪೇಪರಿನಲ್ಲಿ ಓದ್ತಾನೇ ಇರ್ತೀರ.

ಆಗ ಮೇಸ್ತ್ರಿ ಮತ್ತೆ ಬಂದು ಸಂದಿಗೆ ವೈಟ್ ಸಿಮೆಂಟ್ ತುಂಬ್ತಾನೆ. ಮುಂದಿನ ವರ್ಷ ಮತ್ತೆ. ಕ್ಯಾಪಿಟಲ್ ಎಕ್ಸ್‌ಪೆಂಡಿಚರ್ ಅಂತ ಶುರುವಾಗಿದ್ದು ವರ್ಷ ವರ್ಷದ ರೆವಿನ್ಯೂ ಎಕ್ಸ್‌ಪೆಂಡಿಚರ್ ಆಗುತ್ತೆ. ಕೊನೆಗೆ 'ಹಳೇ ಮನೆನೇ ಸರಿ ಇಲ್ಲ' ಅಂತ ತೀರ್ಪು. ಮನೆ ಸರಿಯಾಗೇ ಇತ್ತು ಸ್ವಾಮಿ, ನೀವು ಅದರ ತಲೆ ಮೇಲೆ ಬಂಡೆ ಇಟ್ರಿ.

5/8

ನಾನು ಹೇಳೋ ದಾರಿ: ಶವರ್ ಟ್ರೇ. ಅಂಚು ಎತ್ತರಿಸಿದ, ಒಂದೇ ತುಂಡಿನ ತಟ್ಟೆ. ಇಳಿಜಾರು ಅದರಲ್ಲೇ ಇದೆ, ನೀರು ಹೋಗೋ ತೂತು ಅದರಲ್ಲೇ ಇದೆ, ಎಲ್ಲೂ ಸಂದು ಇಲ್ಲ. ಮೂರಡಿಗೆ ಮೂರಡಿ ಅಕ್ರಿಲಿಕ್ ಟ್ರೇ ಆದ್ರೆ ಇಪ್ಪತ್ತು, ಇಪ್ಪತ್ತೈದು ಕಿಲೋ ಇರುತ್ತೆ. ನೀರು ಕಟ್ಟಿಕೊಂಡು ಎರಡಿಂಚು ನಿಂತ್ರೂ 40 ಕಿಲೋ. ಸ್ನಾನ ಮಾಡೋರು 70 ಅನ್ನಿ. ಒಟ್ಟು 135. ಮೂರಿಂಚು ಗಾರೆಯ 490ರ ಪಕ್ಕ ಇದನ್ನ ಇಟ್ಟು ನೋಡಿ.

'ಅದೆಲ್ಲ ಫಾರಿನ್ ಸ್ಟೈಲ್' ಅಂತೀರ. ಇಂಗ್ಲೆಂಡಿನಲ್ಲಿ ಮೇಲಿನ ಅಂತಸ್ತಿನ ನೆಲ ಮರದ್ದಾಗಿರೋದು, ಅದರ ಮೇಲೆ ಬಾತ್‌ರೂಮ್ ಇರೋದು ಮಾಮೂಲಿ, ಹೌದು. ಜಪಾನಿನಲ್ಲಿ 1964ರ ಟೋಕಿಯೋ ಒಲಿಂಪಿಕ್ಸ್‌ಗೆ ನ್ಯೂ ಒಟಾನಿ ಹೋಟೆಲ್ ಬೇಗ ಮುಗಿಸಬೇಕಾಗಿ ಬಂದಾಗ ಟೋಟೋ ಕಂಪನಿ ಇಡೀ ಬಾತ್‌ರೂಮನ್ನೇ ಫ್ಯಾಕ್ಟರಿಯಲ್ಲಿ ಮಾಡಿ ತಂದು ಕೂರಿಸ್ತು. ಅಷ್ಟು ದೂರ ಬೇಡ ಅಂದ್ರೆ ಬೀರೂರು ಜಂಕ್ಷನ್‌ಗೆ ಹೋಗಿ. ಹೊಸ ರೈಲು ಬೋಗಿಯ ಶೌಚಾಲಯದ ಒಳಗೆ ನೋಡಿ, ಫೈಬರ್. ಅಲ್ಲಾಡೋ ಜಾಗದಲ್ಲಿ ಟೈಲ್ಸ್ ನಿಲ್ಲಲ್ಲ ಅಂತ ರೈಲ್ವೆಗೂ ಗೊತ್ತು.

ಫಾರಿನ್ ಮಾತು ಅಲ್ಲಿಗೆ ಸಾಕು. ನಮ್ಮ ಹಿತ್ತಲ ಬಚ್ಚಲಿಗೆ ಬನ್ನಿ. ನೆಲಕ್ಕೆ ಏನು ಹಾಸಿದ್ರು? ಕಲ್ಲು ಚಪ್ಪಡಿ. ಆದಷ್ಟು ದೊಡ್ಡದು, ಸಂದು ಕಮ್ಮಿ ಇರಲಿ ಅಂತ. ಒಂದು ಕಡೆ ಇಳಿಜಾರು, ಸುತ್ತ ಅಂಚು, ತೂತಿನಿಂದ ನೀರು ಸೀದಾ ಬಾಳೆ ಬುಡಕ್ಕೆ, ತೆಂಗಿನ ಬುಡಕ್ಕೆ. ತರೀಕೆರೆ ಹತ್ತಿರದ ಅಮೃತಾಪುರದ ಅಮೃತೇಶ್ವರ ದೇವಸ್ಥಾನ 1196ರದ್ದು. ಯಾವ ಶಿವಾಲಯಕ್ಕೆ ಹೋದ್ರೂ ಅಭಿಷೇಕದ ನೀರು ಪೀಠದ ಮೇಲೆ ಬಿದ್ದು, ಪೀಠದ ಬಾಯಿಂದಲೇ ಹರಿದು, ಆಚೆ ಹೋಗೋದನ್ನ ನೋಡಿರ್ತೀರ. ಭಕ್ತರು ಬೈಬೇಡಿ, ನಾನು ಹೇಳ್ತಿರೋದು ನೀರಿನ ದಾರಿ ಬಗ್ಗೆ ಮಾತ್ರ: ನೀರು ಎಲ್ಲಿ ಬೀಳುತ್ತೋ ಅಲ್ಲೇ ಹಿಡಿದು ಹೊರಗೆ ದಾಟಿಸು, ನೆಲಕ್ಕೆ ಬಿಡಬೇಡ. ಟ್ರೇ ಮಾಡೋದೂ ಇಷ್ಟೇ. ನಿಜವಾಗಿ ನಮಗೆ ಹೊಸದು ಅಂದ್ರೆ ಅರವತ್ತು ತುಂಡು ಟೈಲ್ಸ್ ಜೋಡಿಸಿ ಸಂದಿಯಲ್ಲಿ ನೀರು ನಿಲ್ಲುತ್ತೆ ಅಂತ ನಂಬೋದು.

6/8

ಉದ್ದ ಇದೆ, ಸೇವ್ ಮಾಡ್ಕೊಳ್ಳಿ. ಕೆಲಸ ಹೇಗೆ ನಡೀಬೇಕು ಅಂತ.

ಬಡಗಿ ಮೊದಲು, ಪ್ಲಂಬರ್ ಆಮೇಲೆ, ಮೇಸ್ತ್ರಿ ಕೊನೆಗೆ. ಈ ಕ್ರಮ ತಿರುವು ಮುರುವು ಆಗಿದ್ದಕ್ಕೇ ಇಷ್ಟೆಲ್ಲ ರಾದ್ಧಾಂತ.

ಬಡಗಿ ಕೆಳಗಿನಿಂದ ಜಂತೆಗಳನ್ನ ನೋಡಬೇಕು, ಅದರಲ್ಲೂ ಗೋಡೆಯೊಳಗೆ ಹೋಗೋ ತುದಿಯನ್ನ. ಉಳಿ ಅಥವಾ ಸ್ಕ್ರೂಡ್ರೈವರ್ ಚುಚ್ಚಿದ್ರೆ ಬೆಣ್ಣೆ ಥರ ಇಳೀತಾ? ಬಡಿದ್ರೆ ಡೊಳ್ಳು ಸದ್ದಾ? ಹಾಗಿದ್ರೆ ಆ ಜಂತೆ ಬದಲಾಯಿಸಿ, ಇಲ್ಲ ಪಕ್ಕಕ್ಕೆ ಹೊಸ ಜಂತೆ ಕೊಟ್ಟು ಬೋಲ್ಟ್ ಹಾಕಿ. ಅದಾಗದೆ ಮುಂದಿನ ಮಾತೇ ಬೇಡ. ಕೋಣೆಗೆ ಜಾಗ ಆರಿಸೋವಾಗಲೂ ಹೊರಗೋಡೆ ಪಕ್ಕ, ಜಂತೆಗೆ ಆಸರೆ ಇರೋ ಕಡೆ ಆರಿಸಿ. ನಡುಮನೆಯ ನಟ್ಟನಡುವೆ ಬೇಡ.

ಆಮೇಲೆ ನೀರಿನ ದಾರಿ. ಪೈಪಿಗೆ ಒಂದು ಮೀಟರಿಗೆ ಒಂದಿಂಚಾದರೂ ಇಳಿಜಾರು ಬೇಕು. ಜಂತೆ ಹೊರಗೋಡೆ ಕಡೆಗೇ ಓಡ್ತಿದ್ರೆ ಪೈಪು ಎರಡು ಜಂತೆ ನಡುವೆ ಹೋಗುತ್ತೆ. ಅಡ್ಡ ಇದ್ರೆ ಜಂತೆ ಕಚ್ಚು ಹೊಡೆಯೋದು ಬೇಡವೇ ಬೇಡ. ಪ್ಲಂಬರ್ ಕೈಯಲ್ಲಿ ಕಟಿಂಗ್ ಮಷೀನ್ ನೋಡಿದ್ರೆ ಕಾಫಿ ಕೊಟ್ಟು ಕೂರಿಸಿ. ಅದರ ಬದಲು ಟ್ರೇಗೆ ಐದಾರು ಇಂಚಿನ ಮರದ ಕಟ್ಟೆ ಮಾಡಿಸಿ, ಪೈಪೂ ಟ್ರ್ಯಾಪೂ ಅದರೊಳಗೇ ಹಲಗೆ ಮೇಲೆ ಹೋಗಲಿ. ಒಂದು ಮೆಟ್ಟಿಲು ಹತ್ತಿ ಸ್ನಾನ ಮಾಡ್ತೀರ, ಏನೂ ಹೋಗಲ್ಲ. ಅಜ್ಜಿಗೆ ಹಿಡಿಯೋಕೆ ಗೋಡೆಗೊಂದು ಸರಳು ಹಾಕಿಸಿ. ಟ್ರ್ಯಾಪ್ ಪಕ್ಕ ತೆಗೆದು ನೋಡೋಕೆ ಒಂದು ಪುಟ್ಟ ಬಾಗಿಲು ಬಿಡಿ, ಕೂದಲು ಕಟ್ಟಿಕೊಂಡಾಗ ನನ್ನ ನೆನೆಸ್ಕೊತೀರ.

ಕಟ್ಟೆ ಮೇಲೆ 18 ಮಿಲಿಮೀಟರ್ 710 ಪ್ಲೈ. 710 ಅಂದ್ರೆ ನೀರಿಗೆ ತಡೆಯೋ ಮರೀನ್ ಪ್ಲೈನ ಐಎಸ್ ನಂಬರು. ಅಂಗಡಿಯವರು 303 ತೋರಿಸಿ 'ಇದೂ ವಾಟರ್‌ಪ್ರೂಫೇ' ಅಂದ್ರೆ ಮುದ್ರೆ ಓದಿ. ಮೊಳೆ ಬೇಡ, ಸ್ಕ್ರೂ. ಪ್ಲೈ ಅಂಚಿಗೂ ಸೇರಿಸಿ ವಾಟರ್‌ಪ್ರೂಫ್ ಕೋಟು ಎರಡು ಸಲ, ಗೋಡೆ ಮೇಲೂ ಏರಿಸಿ.

ಟ್ರೇ ಕೂರಿಸೋವಾಗ ಅಡಿ ಪೂರ್ತಿ ಊರಬೇಕು, ಎಲ್ಲೂ ಪೊಳ್ಳು ಇರಬಾರದು. ಕಂಪನಿ ಹೇಳಿದ ಹಾಗೆ ಅಂಟು, ಅಥವಾ ತೆಳ್ಳಗೆ ಮರಳು ಸಿಮೆಂಟಿನ ಹಾಸು. ರಸಮಟ್ಟ ಇಟ್ಟು ನಾಲ್ಕೂ ಕಡೆ ಸಮ ಮಾಡಿ. ಇಲ್ಲಿ ಮೇಸ್ತ್ರಿ 'ಸ್ವಲ್ಪ ವಾಟ ಕೊಡ್ತೀನಿ' ಅಂತಾನೆ. ಬೇಡ, ವಾಟ ಟ್ರೇ ಒಳಗೇ ಇದೆ.

ಗೋಡೆ ಕೊನೆಗೆ. ನಮ್ಮಲ್ಲಿ ಗೋಡೆ ಟೈಲ್ಸ್ ಮೊದಲು ಮುಗಿಸಿ ಟ್ರೇ ಆಮೇಲೆ ತುರುಕ್ತಾರೆ. ಉಲ್ಟಾ. ಟ್ರೇ ಅಂಚಿನ ಮೇಲೆ ಗೋಡೆಯ ಹಾಸು ಇಳಿದು ಬರಬೇಕು, ಹೆಂಚಿನ ಮೇಲೆ ಹೆಂಚು ಬಂದ ಹಾಗೆ. ಮಂಗಳೂರು ಹೆಂಚು ಹೊದಿಸೋರು ಯಾರಾದ್ರೂ ಕೆಳಗಿನ ಸಾಲಿನ ಅಡಿಗೆ ಮೇಲಿನ ಸಾಲು ಸೇರಿಸ್ತಾರಾ? ಮಣ್ಣಿನ ಗೋಡೆಗೆ ಸೀದಾ ಟೈಲ್ಸ್ ಬೇಡ. ಒಂದು ಚೌಕಟ್ಟು ಹೊಡೆದು, ಹಿಂದೆ ಗಾಳಿಗೆ ಸಂದು ಬಿಟ್ಟು, ಸಿಮೆಂಟ್ ಬೋರ್ಡ್ ಹಾಕಿ ಅದರ ಮೇಲೆ ಟೈಲ್ಸ್.

ಕೂಡೋ ಸಂದಿಗೆ ವೈಟ್ ಸಿಮೆಂಟ್ ಅಲ್ಲ, ಸಿಲಿಕೋನ್. ಟ್ರೇಗೆ ನೀರು ತುಂಬಿ, ಭಾರಕ್ಕೆ ಎಷ್ಟು ಇಳಿಯುತ್ತೋ ಇಳಿಯಲು ಬಿಟ್ಟು, ಆಗ ಹಚ್ಚಿ. ಒಂದು ದಿನ ಮುಟ್ಟಬೇಡಿ. ಖಾಲಿ ಟ್ರೇಗೆ ಹಚ್ಚಿದ್ರೆ ನೀವು ನಿಂತ ಮೊದಲ ದಿನವೇ ಹರಿಯುತ್ತೆ.

ಪರೀಕ್ಷೆ: ತೂತು ಮುಚ್ಚಿ ನೀರು ತುಂಬಿ ರಾತ್ರಿಯಿಡೀ ಬಿಡಿ. ಕೆಳಗೆ ಹಳೇ ಪೇಪರ್ ಹರಡಿ. ಬೆಳಿಗ್ಗೆ ಪೇಪರ್ ಒಣಗಿದ್ರೆ ನೀರು ಒಮ್ಮೆಲೇ ಬಿಟ್ಟು ಪೈಪ್ ಜಾಯಿಂಟ್ ಪೂರ್ತಿ ಕೈಯಲ್ಲಿ ಸವರಿ ನೋಡಿ. ಇದಾಗೋವರೆಗೂ ಕಟ್ಟೆ ಮುಚ್ಚೋಕೂ ಬಿಡಬೇಡಿ, ಕೊನೆ ಕಂತು ದುಡ್ಡೂ ಕೊಡಬೇಡಿ.

7/8

ಈಗ ನಮ್ಮವರ ಕಡೆಯ ತಪ್ಪುಗಳು. ಮೇಸ್ತ್ರಿಯನ್ನ ಮಾತ್ರ ಬೈದ್ರೆ ಅನ್ಯಾಯ. ಅವರು ಕಲಿತಿದ್ದೇ ಆರ್‌ಸಿಸಿ, ನಾವು ಕರೆದಿದ್ದೂ ಅವರನ್ನೇ.

ನಮ್ಮೂರಲ್ಲಿ ನಲ್ಲಿ ನೀರು ದಿನಾ ಬರಲ್ಲ, ಹಾಗಾಗಿ ಡ್ರಮ್ ತುಂಬಿಡೋ ಅಭ್ಯಾಸ. 200 ಲೀಟರ್ ಡ್ರಮ್ ಅಂದ್ರೆ 200 ಕಿಲೋ, ಅದೂ ಎರಡಡಿ ಜಾಗದಲ್ಲಿ. ಟ್ರೇ ಹಾಕಿಸಿ ಪಕ್ಕದಲ್ಲೇ ಡ್ರಮ್ ಇಟ್ರೆ ಇಷ್ಟು ಹೊತ್ತು ನಾನು ಗಂಟಲು ಹರಿದುಕೊಂಡಿದ್ದು ದಂಡ. 500 ಲೀಟರ್ ಟ್ಯಾಂಕನ್ನ ಅಟ್ಟದ ಮೇಲೆ ಇಡೋ ಐಡಿಯಾ ಇದ್ರೆ ಅದನ್ನ ಈಗಲೇ ಮರೆತುಬಿಡಿ. ಹೊರಗೆ ಬೇರೆ ಕಂಬ, ಬೇರೆ ಸ್ಟ್ಯಾಂಡು.

ಬಕೆಟ್ಟು, ಚೊಂಬು. ನಮಗೆ ತಲೆ ಮೇಲೆ ಬಗ್ಗಿಸಿ ಹುಯ್ಕೊಳ್ಳೋದೇ ಸ್ನಾನ. ಅದು ತಪ್ಪಲ್ಲ, ಆದ್ರೆ ಆ ನೀರು ಅರ್ಧ ಟ್ರೇ ಆಚೆ ಬೀಳುತ್ತೆ, ತುಂಬಿದ ಬಕೆಟ್ಟನ್ನ ಟ್ರೇ ಅಂಚಿಗೆ ಕುಕ್ಕಿದ್ರೆ ಅಕ್ರಿಲಿಕ್ ಸೀಳುತ್ತೆ. ಟ್ರೇ ಇದ್ದ ಕಡೆ ಶವರ್ರೇ ಸರಿ, ಸುತ್ತ ಪರದೆ ಇರಲಿ. 'ಶವರ್ ಅಂದ್ರೆ ನೀರು ದಂಡ' ಅಂತೀರ. ನಿಮಿಷಕ್ಕೆ ಏಳೆಂಟು ಲೀಟರ್ ಬಿಡೋ ಶವರ್ ತಲೆ ಹಾಕಿ, ಐದು ನಿಮಿಷದಲ್ಲಿ ಮುಗಿಸಿ. ನಲವತ್ತು ಲೀಟರ್, ಎರಡು ಬಕೆಟ್. ನಲವತ್ತು ನಿಮಿಷ ಹಾಡು ಹಾಡ್ಕೊಂಡು ನಿಲ್ಲೋ ನಮ್ಮ ಅಣ್ಣಂದಿರ ಲೆಕ್ಕ ಬೇರೆ. ಹಂಡೆ, ಸೀಗೆಕಾಯಿ, ನೀರು ತುಂಬೋ ಹಬ್ಬದ ಎಣ್ಣೆಸ್ನಾನ, ಅದೆಲ್ಲ ಹಿತ್ತಲ ಬಚ್ಚಲಲ್ಲೇ ಇರಲಿ. ಅದನ್ನ ಕಿತ್ತು ಹಾಕಿ ಅಂತ ನಾನು ಹೇಳಿಲ್ಲ.

ಮೇಲೆ ಶೌಚಾಲಯ ಕೇಳಬೇಡಿ. ಅದರ ದಪ್ಪ ಪೈಪು, ಅದರ ಭಾರ ಬೇರೆ ಕಥೆ. ಮಣ್ಣು ಹಾಸಿದ ಮಾಳಿಗೆ ಮೇಲೂ ಇದು ಆಗಲ್ಲ. ನಾನು ಹೇಳ್ತಿರೋದು ಹಲಗೆ ಹಾಸಿದ ಮಹಡಿಗೆ ಮಾತ್ರ. ಜಂತೆ ಜೋತುಬಿದ್ದಿದ್ರೆ, ಗೋಡೆ ಹೊಟ್ಟೆ ಬಿಟ್ಟಿದ್ರೆ ಕ್ಯಾಪ್ಷನ್ ಓದಿ ಕೆಲಸ ಶುರು ಮಾಡಬೇಡಿ, ಮರದ ಮನೆ ಗೊತ್ತಿರೋ ಇಂಜಿನಿಯರನ್ನ ಕರೆಸಿ.

ಇನ್ನೊಂದು ಕೋಪ ಇದೆ. ಚಿಕ್ಕಮಗಳೂರು ಕಡೆ ಹೋಮ್‌ಸ್ಟೇ ರೀಲ್ಸ್. ಹಳೇ ಮರದ ಮಹಡಿ, ಅದರ ಮೇಲೆ ಕಪ್ಪು ಟೈಲ್ಸಿನ ಬಾತ್‌ರೂಮ್, ಹಿನ್ನೆಲೆಗೆ ಪಿಟೀಲು. ನೀವು ಅದನ್ನ ಅಮ್ಮನಿಗೆ ಕಳಿಸ್ತೀರ, ಅಮ್ಮ ಅದನ್ನ ಮೇಸ್ತ್ರಿಗೆ ತೋರಿಸ್ತಾರೆ. ಎರಡು ಮಳೆಗಾಲ ಆದ ಮೇಲೆ ಅದೇ ಕೋಣೆಯ ಕೆಳಗಿನ ಸೀಲಿಂಗ್ ರೀಲ್ಸ್ ಯಾರೂ ಹಾಕಲ್ಲ.

8/8

ಕಡೂರಿನ ಒಂದು ಅಂಗಡಿಯಲ್ಲಿ ಶವರ್ ಟ್ರೇ ಕೇಳಿದೆ. 'ಟೀ ಟ್ರೇನಾಮ್ಮ?' ಅಂದ್ರು. ತರೀಕೆರೆಯಲ್ಲಿ 'ಅದೆಲ್ಲ ನಮ್ಮಲ್ಲಿ ಓಡಲ್ಲ' ಅಂದ್ರು. ಯಾರೂ ಕೇಳದೆ ಓಡೋದು ಹೇಗೆ? ಬೇಡಿಕೆ ಪೂರೈಕೆ ಅಂತ ಫಸ್ಟ್ ಸೆಮ್‌ನಲ್ಲಿ ಓದಿದ್ದು ಇದಕ್ಕೇ ಅಲ್ವಾ. ಶಿವಮೊಗ್ಗ, ಬೆಂಗಳೂರಿನಿಂದ ತರಿಸ್ಕೊಡಿ ಅಂತ ನಾಲ್ಕು ಜನ ಹೋಗಿ ಕೇಳಿದ್ರೆ ಐದನೆಯವರಿಗೆ ಅಂಗಡಿಯಲ್ಲೇ ಸಿಗುತ್ತೆ. ತರಿಸೋ ಮುಂಚೆ ಮೆಟ್ಟಿಲಿನ ಅಗಲ ಅಳೆಯಿರಿ. ಹಳೇ ಮನೆಯ ಮರದ ಏಣಿಮೆಟ್ಟಿಲಲ್ಲಿ ಮೂರಡಿ ಟ್ರೇ ತಿರುಗಲ್ಲ. ಕಿಟಕಿಯಿಂದ ಹಗ್ಗ ಕಟ್ಟಿ ಎತ್ತಬೇಕಾಗಬಹುದು.

ಬಡಗಿಗಳು ಎಲ್ಲಿದ್ದಾರೆ ಅಂತ ಮೂರು ಜನ ಡಿಎಂ ಮಾಡಿದ್ರಿ. ಇದ್ದಾರೆ. ಈಗ ಬಾಗಿಲು, ಮಂಚ, ಮಾಡ್ಯುಲರ್ ಕಿಚನ್ ಮಾಡ್ಕೊಂಡಿದ್ದಾರೆ. ಐವತ್ತು ದಾಟಿದವರನ್ನ ಹುಡುಕಿ, ಜಂತೆ ಕೂರಿಸಿ ಗೊತ್ತಿರೋರು ಅವರೇ. ಜೊತೆಗೆ ಅವರ ಮಗನನ್ನೂ ಕರೆದುಕೊಂಡು ಬನ್ನಿ ಅನ್ನಿ, ಅವನೂ ನೋಡಿ ಕಲೀಲಿ.

ಮನೆ ಕೆಡವೋ ಮಾತು ನಿಮ್ಮ ಮನೆಯಲ್ಲಿ ನಡೀತಿದ್ರೆ, ಜೆಸಿಬಿಗೆ ಅಡ್ವಾನ್ಸ್ ಕೊಡೋ ಮೊದಲು ಮಹಡಿಯ ಕೆಳಗಿನಿಂದ ಜಂತೆಗಳ ಫೋಟೋ ತೆಗೆದು ಕಳಿಸಿ. ಗೋಡೆಗೆ ಸೇರೋ ತುದಿ ಕಾಣೋ ಹಾಗೆ, ಫ್ಲ್ಯಾಶ್ ಹಾಕಿ ತೆಗೀರಿ. ಅಜ್ಜಂಪುರದ ಬಡಗಿ ಒಬ್ಬರು ಭಾನುವಾರ ನೋಡಿ ಹೇಳ್ತೀನಿ ಅಂದಿದ್ದಾರೆ.

#ಕಡೂರು #ತರೀಕೆರೆ #ಅಜ್ಜಂಪುರ #ಹಳೇಮನೆ #ಬಚ್ಚಲು #ಬಡಗಿಮೊದಲು